ತೊಟ್ಟಿಲಿಳಿದ ಕೂಸು: ಕರ್ನಾಟಕದ ಮನೆಗಳಲ್ಲಿ ಮಗುವಿನ ಮಲಗುನೆಲೆಯ ಇತಿಹಾಸ

ಕರ್ನಾಟಕದ ಸಾಂಸ್ಕೃತಿಕ ಇತಿಹಾಸವನ್ನು ಕುರಿತ ಬರಹಗಳಲ್ಲಿ ತೊಟ್ಟಿಲಿಗೆ ಒಂದಿಷ್ಟು ಸ್ಥಾನ ದೊರೆತಿದೆ. ಜಾನಪದ ವಿದ್ವಾಂಸರು ಜೋಗುಳದ ಸಂದರ್ಭದಲ್ಲಿ, ಕಲೆಯ ಇತಿಹಾಸಕಾರರು ಮರಗೆಲಸ ಮತ್ತು ಅರಗಿನ ಬಣ್ಣದ ಸಂದರ್ಭದಲ್ಲಿ, ಸಂಸ್ಕಾರಗಳ ಅಭ್ಯಾಸಿಗಳು ನಾಮಕರಣದ ಸಂದರ್ಭದಲ್ಲಿ ಅದನ್ನು ಪ್ರಸ್ತಾಪಿಸುತ್ತ ಬಂದಿದ್ದಾರೆ. ಆದರೆ ಮಗು ತೊಟ್ಟಿಲನ್ನು ಬಿಟ್ಟು ಹಾಸಿಗೆಗೆ ಬಂದದ್ದು ಯಾವಾಗ, ಯಾರ ತೀರ್ಮಾನದಿಂದ, ಯಾರ ಮಗ್ಗುಲಿಗೆ ಎಂಬುದು ಇತಿಹಾಸದ ಪ್ರಶ್ನೆಯಾಗಿ ಪರಿಗಣಿತವಾದುದು ವಿರಳ. ಶಾಸನಗಳು ದಾನದತ್ತಿಗಳನ್ನೂ ವೀರಮರಣಗಳನ್ನೂ ದಾಖಲಿಸುತ್ತವೆ. ಎರಡು ವರ್ಷದ ಕೂಸು ಎಲ್ಲಿ ಮಲಗಿತ್ತೆಂಬುದನ್ನು ಅವುಗಳಲ್ಲಿ ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ಈ ವಿಷಯದ ಆಧಾರಗಳು ಪದಕೋಶ, ಆಚರಣೆ, ಹಾಡು ಮತ್ತು ಮನೆಯ ಮಾಡಿನ ತೊಲೆಗಳಲ್ಲಿ ಚದುರಿವೆ.

ತೊಟ್ಟಿಲು ಎಂಬ ಪದವೇ ಒಂದು ಆಧಾರ. ತಮಿಳು ಮತ್ತು ಮಲಯಾಳಂಗಳಲ್ಲಿ ತೊಟ್ಟಿಲ್ ಎಂಬ ರೂಪವಿದ್ದು, ತೆಲುಗಿನಲ್ಲಿಯೂ ಇದರ ಜ್ಞಾತಿಪದ ದೊರೆಯುತ್ತದೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟೆಲರ ನಿಘಂಟು ಈ ಪದವನ್ನು ದಾಖಲಿಸಿದೆ. ಇದು ದಕ್ಷಿಣದ ಭಾಷೆಗಳಿಗೆ ಸಮಾನವಾದ ಮನೆಮಾತು. ಇದಕ್ಕೆ ವಿರುದ್ಧವಾಗಿ ದೋಲೆ, ಆಂದೋಲ ಮುಂತಾದ ಸಂಸ್ಕೃತ ಪದಗಳು ದೇವಾಲಯದ ಉತ್ಸವ ಮತ್ತು ಪಂಚಾಂಗದ ಪರಿಭಾಷೆಯಲ್ಲಿ ಉಳಿದವು. ಮುಹೂರ್ತ ಗ್ರಂಥಗಳು ದೋಲಾರೋಹಣಕ್ಕೆ, ಅಂದರೆ ಶಿಶುವನ್ನು ತೊಟ್ಟಿಲಿಗೆ ಹಾಕುವುದಕ್ಕೆ, ತಕ್ಕ ದಿನವನ್ನು ಗೊತ್ತುಮಾಡುತ್ತವೆ. ಏರುವುದಕ್ಕೆ ಹೀಗೊಂದು ಹೆಸರಿದೆ, ಇಳಿಯುವುದಕ್ಕೆ ಅಂಥ ಹೆಸರಿಲ್ಲ. ನಾಮಕರಣ, ನಿಷ್ಕ್ರಮಣ, ಅನ್ನಪ್ರಾಶನ, ಚೌಲ ಎಂದು ಸಾಗುವ ಷೋಡಶ ಸಂಸ್ಕಾರಗಳ ಪಟ್ಟಿಯಲ್ಲಿಯೂ ಮಗು ತೊಟ್ಟಿಲಿನಿಂದ ಹಾಸಿಗೆಗೆ ಬರುವ ಸಂದರ್ಭಕ್ಕೆ ಸ್ಥಾನವಿಲ್ಲ.

ಏರಿಸುವ ಆಚರಣೆಯ ಸಮೃದ್ಧಿಯನ್ನು ಗಮನಿಸಿದಾಗ ಈ ಮೌನ ಇನ್ನಷ್ಟು ಎದ್ದು ಕಾಣುತ್ತದೆ. ಉತ್ತರ ಕರ್ನಾಟಕದಲ್ಲಿ ಹನ್ನೆರಡು ಅಥವಾ ಹದಿಮೂರನೆಯ ದಿನ, ಕೆಲವೆಡೆ ಮತ್ತಷ್ಟು ತಡವಾಗಿ, ತೊಟ್ಟಿಲ ಕಾರ್ಯ ನಡೆಯುತ್ತದೆ. ಮೊದಲ ಹೆರಿಗೆ ತವರಿನಲ್ಲಾಗುವುದು ರೂಢಿಯಾದುದರಿಂದ ತೊಟ್ಟಿಲು ತವರಿನವರ ಉಡುಗೊರೆ. ಮೊದಲು ತೊಟ್ಟಿಲಿಗೆ ಹಾಕುವುದು ಕೂಸನ್ನಲ್ಲ, ಗುಂಡುಕಲ್ಲನ್ನು. ಅದಕ್ಕೆ ಬಟ್ಟೆ ಸುತ್ತಿ, ಕೂಸಿನಂತೆಯೇ ಸಿಂಗರಿಸಿ, ಗುಂಡಪ್ಪನೆಂದು ಕರೆದು ಮಲಗಿಸುತ್ತಾರೆ. ಬಳಿಕ ಎದುರುಬದುರು ನಿಂತ ಮುತ್ತೈದೆಯರು ಶಿಶುವನ್ನು ತೊಟ್ಟಿಲಿನ ಕೆಳಗಿನಿಂದಲೂ ಮೇಲಿನಿಂದಲೂ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಸೋದರತ್ತೆ ಕಿವಿಯಲ್ಲಿ ಹೆಸರನ್ನು ಉಸುರುತ್ತಿದ್ದಂತೆ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಗುಗ್ಗರಿ ಹಂಚುತ್ತಾರೆ. ಕಲ್ಲು ಗಟ್ಟಿ, ಕಲ್ಲಿನಂತೆ ಕೂಸೂ ಗಟ್ಟಿಯಾಗಲಿ ಎಂಬ ವಿವರಣೆ ಸಾಮಾನ್ಯವಾಗಿ ದೊರೆಯುತ್ತದೆ. ಆದರೆ ಇದರ ಜೊತೆಗೆ ಇನ್ನೊಂದು ನಂಬಿಕೆಯನ್ನು ಇಟ್ಟು ನೋಡಬೇಕು. ಬರಿದಾದ ತೊಟ್ಟಿಲನ್ನು ತೂಗಬಾರದು ಎಂಬ ನಿಷೇಧ ರಾಜ್ಯದ ಎಲ್ಲ ಭಾಗಗಳಲ್ಲಿಯೂ ಪ್ರಚಲಿತವಾಗಿದೆ. ಅರಿಯದೆ ತೂಗಿದ ಮಕ್ಕಳಿಗೆ ಅಜ್ಜಿಯಂದಿರಿಂದ ಬೈಗುಳ ತಪ್ಪುವುದಿಲ್ಲ. ಗುಂಡುಕಲ್ಲು, ಇತರ ಅರ್ಥಗಳ ಜೊತೆಗೆ, ತೊಟ್ಟಿಲು ಒಂದು ಕ್ಷಣವೂ ಬರಿದಾಗಿ ತೂಗದಂತೆ ಕಾಯುವ ಉಪಾಯವೂ ಹೌದೆಂದು ತೋರುತ್ತದೆ.

ಬರಿದಾದ ತೊಟ್ಟಿಲಿನ ಈ ಭಯದಲ್ಲಿಯೇ ಇಳಿಸುವ ಶಾಸ್ತ್ರವಿಲ್ಲದಿರುವುದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಶಿಶುಮರಣ ಪ್ರತಿ ಮನೆಯ ಅನುಭವವಾಗಿದ್ದ ಕಾಲದಲ್ಲಿ ತೊಟ್ಟಿಲು ಎರಡು ರೀತಿಯಲ್ಲಿ ಬರಿದಾಗುತ್ತಿತ್ತು. ಕೂಸು ಬೆಳೆದು ಇಳಿಯುತ್ತಿತ್ತು, ಇಲ್ಲವೆ ತೀರಿಕೊಳ್ಳುತ್ತಿತ್ತು. ಎರಡಕ್ಕೂ ಹೊರಗಿನ ಗುರುತು ಒಂದೇ: ಅಲುಗದೆ ತೂಗುಬಿದ್ದ ಖಾಲಿ ಮರ. ಆದುದರಿಂದಲೇ ಇರಬೇಕು, ಬಳಕೆ ಮುಗಿದ ತೊಟ್ಟಿಲನ್ನು ತೂಗುಬಿಡದೆ ಬಿಚ್ಚಿ ಅಟ್ಟಕ್ಕೇರಿಸುವುದು ಅಥವಾ ಬಸುರಿಯಿದ್ದ ನೆಂಟರ ಮನೆಗೆ ಕಳುಹಿಸುವುದು ರೂಢಿಯಾಯಿತು. ಅದಕ್ಕೆ ಹಾಡಿಲ್ಲ, ಆರತಿಯಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಮೇಲೆ ಹೆಂಗಸರ ಹಾಡುಗಳ ಸಂಗ್ರಹಕಾರ್ಯ ಕನ್ನಡದಲ್ಲಿ ವಿಪುಲವಾಗಿ ನಡೆಯಿತು. ಜೋಗುಳಗಳ ವಸ್ತು ತೊಟ್ಟಿಲೊಳಗಿನ ಕೂಸು; ಇಳಿದ ಕೂಸು ಅಂಗಳದ ಹಾಡಿಗೆ, ಆಟದ ಹಾಡಿಗೆ ಸೇರಿದ್ದು. ಇವೆರಡರ ನಡುವಿನ ಹೆಜ್ಜೆಯ ಬಗ್ಗೆ ಸಂಗ್ರಹಕಾರರು ಕೇಳಿದ್ದೂ ಕಡಿಮೆ.

ಎರಡನೆಯ ಕಾರಣ ಇನ್ನೂ ಸರಳವಾದದ್ದು. ತೊಟ್ಟಿಲು ಹೆಚ್ಚಾಗಿ ಹಗಲಿನ ಮತ್ತು ಮುಸ್ಸಂಜೆಯ ಹಾಸಿಗೆ. ನಡುಮನೆಯ ತೊಲೆಗೆ ಬಿಗಿದ ಕಬ್ಬಿಣದ ಬಳೆಯಿಂದ ಅದು ತೂಗುಬಿದ್ದಿರುತ್ತಿತ್ತು. ನೆಲದ ತೇವ, ಇರುವೆ, ಚೇಳುಗಳಿಂದ ಕೂಸು ದೂರವಿರುತ್ತಿತ್ತು. ಬೇಸಗೆಯಲ್ಲಿ ತೂಗುವಿಕೆಯೇ ಗಾಳಿಯನ್ನು ಒದಗಿಸುತ್ತಿತ್ತು. ತೊಟ್ಟಿಲಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ತುದಿಯನ್ನು ಅಡುಗೆಮನೆಯ ತನಕ ಎಳೆದುಕೊಂಡು, ಕೆಲಸದ ನಡುವೆಯೇ ತಾಯಿ ತೂಗುವುದು ಸಾಧ್ಯವಿತ್ತು. ರಾತ್ರಿಯಲ್ಲಾದರೋ ಮೊಲೆಯುಣ್ಣುವ ಕೂಸಿನ ಸ್ಥಾನ ತಾಯಿಯ ಮಗ್ಗುಲು. ಬಾಣಂತಿಯ ಹೊರಸಿನ ಮೇಲೆ, ಅದರ ಕೆಳಗಿಟ್ಟ ಕೆಂಡದ ಕಾವಿನಲ್ಲಿ ಆರಂಭವಾದ ಈ ಸಹವಾಸ ಮುಂದೆ ಚಾಪೆ, ಕೌದಿ, ಕಂಬಳಿಗಳ ಮೇಲೆ ಮುಂದುವರಿಯುತ್ತಿತ್ತು. ಹಾಸಿಗೆಯನ್ನು ಕೂಸು ಮೊದಲಿನಿಂದಲೂ ಬಲ್ಲದು. ತೊಟ್ಟಿಲು ಬಿಟ್ಟಿತೆಂದರೆ ಹಗಲು ನಿದ್ದೆಯೂ ನೆಲಕ್ಕಿಳಿಯಿತು ಎಂದಷ್ಟೇ ಅರ್ಥ.

ಯುರೋಪಿನ ಇತಿಹಾಸ ಬೇರೆಯಾಗಿ ಸಾಗಿತು. ಅಲ್ಲಿ ತಾಯಿ ಅಥವಾ ದಾದಿ ನಿದ್ದೆಯಲ್ಲಿ ಹೊರಳಿ ಶಿಶು ಉಸಿರುಗಟ್ಟಿ ಸಾಯುವುದನ್ನು ಮಧ್ಯಯುಗದ ಚರ್ಚು ಪಾಪವೆಂದು ಪರಿಗಣಿಸಿ, ಎಳೆಗೂಸನ್ನು ಹಿರಿಯರ ಹಾಸಿಗೆಯಲ್ಲಿ ಮಲಗಿಸದಂತೆ ವಿಧಿಸಿತು. ಫ್ಲಾರೆನ್ಸಿನಲ್ಲಿ ಇದಕ್ಕಾಗಿಯೇ ಮಗುವಿನ ಮೇಲೆ ಕಮಾನಿನಂತೆ ನಿಲ್ಲುವ ಮರದ ಚೌಕಟ್ಟೊಂದು ಬಳಕೆಗೆ ಬಂದಿತು. 19ನೆಯ ಶತಮಾನದ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳ ಪ್ರತ್ಯೇಕ ಕೋಣೆ ನೆಲೆಗೊಂಡಿತು. 1894ರಲ್ಲಿ ಅಮೆರಿಕದ ವೈದ್ಯ ಎಲ್. ಎಮೆಟ್ ಹೋಲ್ಟ್ ತನ್ನ ಶಿಶುಪಾಲನೆಯ ಕೈಪಿಡಿಯಲ್ಲಿ ತೂಗಿ ಮಲಗಿಸುವುದನ್ನೇ ದುರಭ್ಯಾಸವೆಂದು ಕಂಡನು. ತೂಗುವ ತೊಟ್ಟಿಲಿನ ಬದಲು ಕಂಬಿ ಕಟ್ಟಿದ, ಅಲುಗದ ಮಂಚ ಬಂದಿತು. ಅದರಿಂದ ಮಗು ಹೊರಬರುವುದು ಅಳತೆಯ ಪ್ರಶ್ನೆಯಾಯಿತು: ಮಗುವಿನ ಎತ್ತರ ಸುಮಾರು 90 ಸೆಂಟಿಮೀಟರ್ ಮುಟ್ಟಿದಾಗ, ಇಲ್ಲವೆ ಅದು ಕಂಬಿ ಹತ್ತತೊಡಗಿದಾಗ ಹಾಸಿಗೆಗೆ ಬದಲಾಯಿಸಬೇಕೆಂದು ಅಲ್ಲಿನ ಮಕ್ಕಳ ವೈದ್ಯರು ಹೇಳುತ್ತಾರೆ. ಅಮೆರಿಕದಲ್ಲಿ 1970ರ ದಶಕದ ನಿಯಮಗಳು ಕಂಬಿಗಳ ನಡುವಣ ಅಂತರವನ್ನು ಸುಮಾರು 6 ಸೆಂಟಿಮೀಟರಿಗೆ ಮಿತಿಗೊಳಿಸಿದವು. ಪಕ್ಕವನ್ನು ಕೆಳಗಿಳಿಸಬಹುದಾದ ಮಂಚಗಳ ಮಾರಾಟ 2011ರಲ್ಲಿ ನಿಷಿದ್ಧವಾಯಿತು.

ಬಾಲ್ಯವೆಂಬ ಕಲ್ಪನೆಯೇ ಆಧುನಿಕವಾದುದೆಂದು ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಮಂಡಿಸಿದ ವಾದ ಪ್ರಸಿದ್ಧವಾಗಿದೆ. ದಿನಚರಿ ಮತ್ತು ಆತ್ಮಕಥೆಗಳ ಆಧಾರದಿಂದ ಲಿಂಡಾ ಪೊಲಾಕ್ 1983ರಲ್ಲಿ ಅದನ್ನು ಬಲವಾಗಿ ಪ್ರಶ್ನಿಸಿದರು. ಈ ಚರ್ಚೆಯ ಚೌಕಟ್ಟನ್ನು ಕರ್ನಾಟಕಕ್ಕೆ ಹಾಗೆಯೇ ತಂದು, ಪ್ರತ್ಯೇಕ ಹಾಸಿಗೆಯಿಲ್ಲದಿದ್ದುದರಿಂದ ಮಗುವಿಗೆ ಪ್ರತ್ಯೇಕ ಗಣನೆಯೂ ಇರಲಿಲ್ಲವೆಂದು ತೀರ್ಮಾನಿಸುವುದು ದುಡುಕು. ಇಲ್ಲಿನ ಸಮಾಜ ಅದೇ ಘಟ್ಟವನ್ನು ಬೇರೆ ಜಾಗದಲ್ಲಿ ಗುರುತಿಸಿತು. ಅಂಬೆಗಾಲಿಡುವ ಕೂಸು ಮೊದಲ ಬಾರಿಗೆ ಹೊಸ್ತಿಲು ದಾಟಿದಾಗ ಹೊಸ್ತಿಲಿಗೆ ಪೂಜೆ ಮಾಡಿ, ಸಿಹಿ ಹಂಚಿ ಸಂಭ್ರಮಿಸುವ ಪದ್ಧತಿ ಕನ್ನಡ ನಾಡಿನ ಅನೇಕ ಸಮುದಾಯಗಳಲ್ಲಿದೆ. ಕೂಸು ಕೈಯೂರಿ ಏಳಲು ಕಲಿತು, ತೊಟ್ಟಿಲಿನ ಅಂಚು ಹಿಡಿದು ನಿಲ್ಲಲು ಯತ್ನಿಸಿ, ಬೀಳುವ ಭಯ ಹುಟ್ಟುವುದು ಇದೇ ತಿಂಗಳುಗಳಲ್ಲಿ. ತೊಟ್ಟಿಲಿಳಿದುದನ್ನು ಬಾಯಿಬಿಟ್ಟು ಹೇಳದ ಮನೆ ಹೊಸ್ತಿಲು ದಾಟಿದುದನ್ನು ಊರಿಗೆಲ್ಲ ಸಾರಿತು. ಮಗು ಎಲ್ಲಿ ಮಲಗುತ್ತದೆಂಬುದಕ್ಕಿಂತ ಎಲ್ಲಿಯವರೆಗೆ ಹೋಗಬಲ್ಲದೆಂಬುದು ಇಲ್ಲಿ ಮುಖ್ಯವಾಯಿತು.

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಂಬೆಗಾಲು ನವನೀತಕೃಷ್ಣನ ಸನ್ನಿಧಿಯನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಚಿತ. ಅಪ್ರಮೇಯಸ್ವಾಮಿ ದೇವಾಲಯದ ಆವರಣದಲ್ಲಿರುವ ಈ ಮೂರ್ತಿಗೆ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಮೂರ್ತಿಯಾದರೋ ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುತ್ತಿದೆ, ಅಂದರೆ ತೊಟ್ಟಿಲಿನಲ್ಲಿ ನಿಲ್ಲಿಸಲಾಗದ ವಯಸ್ಸಿನ ಕೂಸು. ತೊಟ್ಟಿಲನ್ನು ಬೇಡುವವರು ತೊಟ್ಟಿಲು ದಾಟಿದ ದೇವರ ಮುಂದೆ ನಿಲ್ಲುತ್ತಾರೆ. ಕೂಸು ಹುಟ್ಟುವುದರೊಡನೆ ಉಳಿದು ಬೆಳೆಯುವುದೂ ಆ ಬೇಡಿಕೆಯಲ್ಲಿ ಅಡಗಿದೆ.

ಇನ್ನು ಯಾವಾಗ ಎಂಬ ಪ್ರಶ್ನೆ. ಹೊಸ್ತಿಲು ದಾಟಿದ ಮೇಲೂ ಹಗಲು ನಿದ್ದೆಗೆ ತೊಟ್ಟಿಲು ಒಂದೆರಡು ವರ್ಷ ಮುಂದುವರಿಯುವುದು ಸಾಮಾನ್ಯವಾಗಿತ್ತು. ಅದನ್ನು ನಿಜವಾಗಿ ಮುಗಿಸುತ್ತಿದ್ದುದು ವಯಸ್ಸಿಗಿಂತ ಹೆಚ್ಚಾಗಿ ಮುಂದಿನ ಕೂಸು. ತಾಯಿ ಮತ್ತೆ ಬಸುರಿಯಾದಾಗ ಹಿರಿಯ ಕೂಸಿಗೆ ಮೊಲೆ ಬಿಡಿಸುತ್ತಿದ್ದರು, ಹೊಸ ಕೂಸು ಬಂದಾಗ ತೊಟ್ಟಿಲೂ ತಾಯಿಯ ಮಗ್ಗುಲೂ ಕೈತಪ್ಪುತ್ತಿದ್ದವು. ಈ ಪಲ್ಲಟದ ಕಠೋರ ಮುಖವನ್ನು ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ವೈದ್ಯೆ ಸಿಸಿಲಿ ವಿಲಿಯಮ್ಸ್ ಗುರುತಿಸಿದರು. 1935ರಲ್ಲಿ ಅವರು ವೈದ್ಯಲೋಕಕ್ಕೆ ಪರಿಚಯಿಸಿದ ಕ್ವಾಶಿಯೋರ್ಕರ್ ಎಂಬ ಹೆಸರು ಅಲ್ಲಿನ ಗಾ ಭಾಷೆಯದು. ಮುಂದಿನ ಮಗು ಹುಟ್ಟಿದಾಗ ಸ್ಥಾನ ಕಳೆದುಕೊಂಡ ಮಗುವಿಗೆ ತಗಲುವ ಕಾಯಿಲೆ ಎಂಬುದು ಅದರ ಭಾವ. ಕನ್ನಡದ ಮನೆಗಳಲ್ಲಿ ಸ್ಥಾನ ಕಳೆದುಕೊಂಡ ಕೂಸಿಗೆ ಸಿದ್ಧವಾಗಿದ್ದ ಆಶ್ರಯ ಅಜ್ಜಿಯ ಹಾಸಿಗೆ. ಅವಿಭಕ್ತ ಕುಟುಂಬವನ್ನು ಆಸ್ತಿ, ಉತ್ತರಾಧಿಕಾರಗಳ ದೃಷ್ಟಿಯಿಂದ ಅಭ್ಯಸಿಸಿದಷ್ಟು ಈ ರಾತ್ರಿಯ ವ್ಯವಸ್ಥೆಯ ದೃಷ್ಟಿಯಿಂದ ಅಭ್ಯಸಿಸಿಲ್ಲ. ಕಥೆ, ಒಗಟು, ದೇವರ ನಾಮಗಳು ಒಂದು ತಲೆಮಾರನ್ನು ಹಾರಿ ಮೊಮ್ಮಕ್ಕಳಿಗೆ ನೇರವಾಗಿ ದಾಟಿದುದರಲ್ಲಿ ಆ ಹಾಸಿಗೆಯ ಪಾಲು ಸಣ್ಣದಲ್ಲ. ಹಾಗೆಂದು ಈ ವ್ಯವಸ್ಥೆಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಅಜ್ಜಿಯಿಲ್ಲದ ಮನೆಗಳಿದ್ದವು, ಅಜ್ಜಿಯ ಮಗ್ಗುಲು ತಾಯಿಯ ಹಾಲಿಗೆ ಬದಲಿಯೂ ಆಗಿರಲಿಲ್ಲ.

ಇಲ್ಲಿಯವರೆಗಿನ ವಿವರಣೆ ತೊಲೆಯಿದ್ದ ಮನೆಗಳಿಗೆ ಹೆಚ್ಚು ಅನ್ವಯಿಸುತ್ತದೆ ಎಂಬ ಎಚ್ಚರ ಅಗತ್ಯ. ಕೂಲಿಯ ಹೆಣ್ಣುಮಕ್ಕಳ ತೊಟ್ಟಿಲು ಹಳೆಯ ಸೀರೆಯ ಜೋಲಿ. ಹೊಲದ ಬದುವಿನ ಮರಕ್ಕೆ, ತೋಟದ ಕೊಂಬೆಗೆ, ಇತ್ತೀಚಿನ ದಶಕಗಳಲ್ಲಿ ಕಟ್ಟಡ ಕೆಲಸದ ಸಾರುವೆಯ ಗಳುವಿಗೆ ಅದನ್ನು ಕಟ್ಟಲಾಗಿದೆ. ಇದಕ್ಕೆ ತವರಿನ ಉಡುಗೊರೆ ಬೇಕಿಲ್ಲ, ಅಟ್ಟವೂ ಬೇಕಿಲ್ಲ. ಸಂಜೆ ಬಿಚ್ಚಿದರೆ ಮತ್ತೆ ಅದು ಸೀರೆಯೇ. ಜೋಲಿಯಿಂದ ಇಳಿದ ಕೂಸು ಮರದ ನೆರಳಿನಲ್ಲಿ ಹಾಸಿದ ಬಟ್ಟೆಯ ಮೇಲೆ ಮಲಗಿತು; ತುಸು ದೊಡ್ಡದಾದೊಡನೆ ಮುಂದಿನ ಕೂಸಿನ ಜೋಲಿಯನ್ನು ತೂಗುವ ಕೆಲಸವೂ ಅದರ ಪಾಲಿಗೆ ಬಂದಿತು. ವಸ್ತುವನ್ನೇ ಉಳಿಸದ ಈ ಪದ್ಧತಿಯನ್ನು ಮೌಖಿಕ ಇತಿಹಾಸದಿಂದ ಮಾತ್ರ ಹಿಡಿಯಬಹುದು.

ವಸ್ತುವಾಗಿ ಅತ್ಯಂತ ಸಮೃದ್ಧವಾಗಿ ಉಳಿದುದು ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು. ಸಾಗುವಾನಿಯ ಹಲಗೆಗಳ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಚಿತ್ರಗಾರ ಮನೆತನದವರು ಬರೆಯುತ್ತ ಬಂದಿದ್ದಾರೆ; ಮುಸ್ಲಿಮ್ ಮನೆಗಳಿಗೆ ಹೂಬಳ್ಳಿಗಳ ಅಲಂಕಾರ ಮಾಡಿಕೊಡುವುದೂ ಉಂಟು. ಬಣ್ಣ ದಶಕಗಳವರೆಗೆ ಮಾಸದೆ ಉಳಿಯುವುದು ಇದರ ಖ್ಯಾತಿಗೆ ಕಾರಣ. ಒಂದು ತೊಟ್ಟಿಲು ಒಂದು ಮಗುವಿಗೆಂದು ಮಾಡಿದುದಲ್ಲ, ತಲೆಮಾರುಗಳಿಗೆಂದು ಮಾಡಿದುದು ಎಂಬುದನ್ನು ಈ ಬಾಳಿಕೆ ಸೂಚಿಸುತ್ತದೆ. ಇಂಥ ತೊಟ್ಟಿಲಿನಿಂದ ಇಳಿಯುವುದೆಂದರೆ ಅಕ್ಕತಂಗಿಯರ, ದಾಯಾದಿಗಳ ಸರದಿಗೆ ಜಾಗ ಬಿಟ್ಟುಕೊಡುವುದು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸರದಿ ಸಡಿಲವಾಯಿತು. ಹೆರಿಗೆ ಆಸ್ಪತ್ರೆಗೆ ಸರಿಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಷ್ಟು ಹಿಂದೆಯೇ ಆರಂಭವಾಗಿತ್ತು. ಮಕ್ಕಳ ಸಂಖ್ಯೆ ಇಳಿದಂತೆ ಮುಂದಿನ ಕೂಸು ಬಂದು ತೊಟ್ಟಿಲು ಬಿಡಿಸುವ ಸಂದರ್ಭವೇ ಅಪರೂಪವಾಯಿತು. ಕಾಂಕ್ರೀಟಿನ ಚಾವಣಿಯಲ್ಲಿ ತೊಲೆಯಿಲ್ಲ. ಇರುವ ಒಂದು ಕೊಕ್ಕೆ ವಿದ್ಯುತ್ ಪಂಖಕ್ಕೆ. ಕಬ್ಬಿಣದ ಕೊಳವೆಯ ಮೇಲೆ ನಿಲ್ಲುವ ತೊಟ್ಟಿಲು, ಸ್ಪ್ರಿಂಗಿಗೆ ನೇತುಹಾಕುವ ಬಟ್ಟೆಯ ಜೋಲಿ, ಕೊನೆಗೆ ನಗರದ ಅನುಕೂಲಸ್ಥ ಮನೆಗಳಲ್ಲಿ ಕಂಬಿಯ ಮಂಚ ಬಂದವು. ಮಗುವನ್ನು ಯಾವ ವಯಸ್ಸಿಗೆ ಬೇರೆ ಹಾಸಿಗೆಗೆ ರೂಢಿಮಾಡಬೇಕೆಂಬುದನ್ನು ತಂದೆತಾಯಿ ಕುಳಿತು ಚರ್ಚಿಸಿ ತೀರ್ಮಾನಿಸುವುದು ಕನ್ನಡದ ಮನೆಗಳ ಮಟ್ಟಿಗೆ ಈ ಕಾಲದ ಹೊಸ ಸಂಗತಿ. ನಾಮಕರಣದ ದಿನಕ್ಕೆ ಮಾತ್ರ ಕಲಘಟಗಿಯ ತೊಟ್ಟಿಲನ್ನು ಬಾಡಿಗೆಗೋ ಎರವಲಿಗೋ ತಂದು ಗುಂಡಪ್ಪನನ್ನು ಮಲಗಿಸುವ ಮನೆಗಳೂ ಉಂಟು. ಅಲ್ಲಿ ಏರುವ ಶಾಸ್ತ್ರ ಉಳಿದಿದೆ, ತೊಟ್ಟಿಲಿನ ವಾಸ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ.

ವಸ್ತುಸಂಗ್ರಹಾಲಯ ಸೇರಿದ ತೊಟ್ಟಿಲುಗಳನ್ನು ಕಲಾಕೃತಿಗಳೆಂದು ವರ್ಣಿಸುವುದರ ಜೊತೆಗೆ ಅವು ಯಾವ ಮನೆಯವು, ಯಾವ ಊರಿನ ತವರಿನಿಂದ ಬಂದವು, ಎಷ್ಟು ಕೂಸುಗಳನ್ನು ಹೊತ್ತವು, ಕೊನೆಯ ಬಾರಿ ಅಟ್ಟಕ್ಕೇರಿದುದು ಯಾವ ವರ್ಷ ಎಂಬುದನ್ನು ಬರೆದಿಡುವುದು ಅವಶ್ಯ. ಇದನ್ನು ಹೇಳಬಲ್ಲ ಮುದುಕಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ತೊಟ್ಟಿಮನೆಗಳನ್ನು ಕೆಡವಿದಾಗ ತೊಲೆಗಳು ಹಳೆಯ ಮರದ ಅಂಗಡಿಗೆ ಸೇರುತ್ತವೆ. ಗರಗಸಕ್ಕೆ ಅಡ್ಡಿಯಾಗದಂತೆ ಅವುಗಳಿಂದ ಮೊದಲು ಕೀಳುವುದು ಕಬ್ಬಿಣದ ಬಳೆಗಳನ್ನು.