ರಾಜಾಜಿಯವರ 1942ರ ನಿರ್ಣಯ: ನಾಯಕನ ಮಾತು, ಸಂಘಟನೆಯ ಮಾತು

ಹೊಸೂರು ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿ, ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1942ರ ವೇಳೆಗೆ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಹಿರಿಯ ಸದಸ್ಯರಾಗಿದ್ದರು. 1937ರಿಂದ 1939ರವರೆಗೆ ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದ ಅವರ ಮಾತನ್ನು ಕಾಂಗ್ರೆಸ್ಸಿನ ಮಾತೆಂದೇ ಜನ ಭಾವಿಸುವುದು ಸಹಜವಾಗಿತ್ತು.

ಆ ವರ್ಷದ ಏಪ್ರಿಲ್ ಮದರಾಸು ಪ್ರಾಂತ್ಯಕ್ಕೆ ಆತಂಕದ ಕಾಲ. 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀಯರ ಬಾಂಬುಗಳು ಬಿದ್ದವು. ಕೆಲವೇ ದಿನಗಳಲ್ಲಿ ಕ್ರಿಪ್ಸ್ ಸಂಧಾನವೂ ಮುರಿದುಬಿತ್ತು. ಮುಸ್ಲಿಂ ಲೀಗಿನೊಡನೆ ಒಪ್ಪಂದವಾಗದೆ ರಾಷ್ಟ್ರೀಯ ಸರ್ಕಾರವಿಲ್ಲ, ಅಂಥ ಸರ್ಕಾರವಿಲ್ಲದೆ ದೇಶಕ್ಕೆ ರಕ್ಷಣೆಯಿಲ್ಲ ಎಂಬುದು ರಾಜಾಜಿಯವರ ತರ್ಕ. ಏಪ್ರಿಲ್ 23ರಂದು ಮದರಾಸಿನ ಕಾಂಗ್ರೆಸ್ ಶಾಸಕರ ಸಭೆಯಲ್ಲಿ ಅವರು ಎರಡು ನಿರ್ಣಯಗಳಿಗೆ ಅಂಗೀಕಾರ ಪಡೆದರು. ಪ್ರತ್ಯೇಕತೆಯನ್ನು ಕುರಿತ ಲೀಗಿನ ಬೇಡಿಕೆಯನ್ನು ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಮನ್ನಿಸಬೇಕೆಂಬುದು ಒಂದು. ಮದರಾಸಿನಲ್ಲಿ ಮತ್ತೆ ಜನಪ್ರತಿನಿಧಿ ಸರ್ಕಾರ ರಚನೆಯಾಗಬೇಕೆಂಬುದು ಇನ್ನೊಂದು.

ಮೊದಲನೆಯದು ಶಿಫಾರಸಿನ ರೂಪದಲ್ಲಿತ್ತು, ನಿಜ. ಆದರೆ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು ಸಹೋದ್ಯೋಗಿಗಳೊಡನೆ ಸಮಾಲೋಚಿಸದೆ, ಸಮಿತಿಯ ನೀತಿಗೆ ವಿರುದ್ಧವಾಗಿ ಬಹಿರಂಗವಾಗಿ ನಿಂತಂತಾಯಿತು. ಒಂದು ಪ್ರಾಂತ್ಯದ ಶಾಸಕರ ಒಪ್ಪಿಗೆ ಇಡೀ ಸಂಘಟನೆಯ ಒಪ್ಪಿಗೆಯಾಗಲಾರದು. ಅಧ್ಯಕ್ಷ ಮೌಲಾನಾ ಆಜಾದರು ಆಕ್ಷೇಪಿಸಿದರು.

ರಾಜಾಜಿಯವರ ಉತ್ತರ ಗಮನಾರ್ಹ. ಮೊದಲೇ ಚರ್ಚಿಸಬೇಕಾಗಿತ್ತೆಂದು ಅವರು ವಿಷಾದಿಸಿದರು; ಅಭಿಪ್ರಾಯವನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅದನ್ನು ಸ್ವತಂತ್ರವಾಗಿ ಪ್ರತಿಪಾದಿಸಲೆಂದು ಕಾರ್ಯಕಾರಿ ಸಮಿತಿಗೆ ರಾಜೀನಾಮೆಯಿತ್ತರು. ಅಲಹಾಬಾದಿನ ಅಖಿಲ ಭಾರತ ಸಮಿತಿಯಲ್ಲಿ ಅವರ ನಿರ್ಣಯ 15ರ ವಿರುದ್ಧ 120 ಮತಗಳಿಂದ ಬಿದ್ದುಹೋಯಿತು. ಜುಲೈನಲ್ಲಿ ಕಾಂಗ್ರೆಸ್ ಸದಸ್ಯತ್ವವನ್ನೂ ಶಾಸನಸಭೆಯ ಸ್ಥಾನವನ್ನೂ ತ್ಯಜಿಸಿದರು. ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ನಿರ್ಣಯದ ಬೆನ್ನಲ್ಲೇ ಹಳೆಯ ಸಂಗಾತಿಗಳು ಸೆರೆಮನೆ ಸೇರಿದಾಗ ಅವರು ಹೊರಗುಳಿದರು.

ಎರಡೇ ವರ್ಷಗಳಲ್ಲಿ, 1944ರ ಸೆಪ್ಟೆಂಬರಿನ ಗಾಂಧಿ–ಜಿನ್ನಾ ಮಾತುಕತೆಗೆ ರಾಜಾಜಿಯವರ ಸೂತ್ರವೇ ಆಧಾರವಾಯಿತು. ಮಾತುಕತೆ ಫಲಿಸಲಿಲ್ಲ, ಆದರೆ ತಿರಸ್ಕೃತವಾಗಿದ್ದ ವಿಚಾರಕ್ಕೆ ಚರ್ಚೆಯ ಮಾನ್ಯತೆ ದೊರೆಯಿತು. ಹಾಗೆಂದು 1942ರಲ್ಲಿ ಇಲ್ಲದಿದ್ದ ಅಧಿಕಾರ ಪೂರ್ವಾನ್ವಯವಾಗಿ ಬಂದುಬಿಡುವುದಿಲ್ಲ. ವಿಚಾರದ ಯೋಗ್ಯತೆ ಬೇರೆ, ಅದನ್ನು ಎಲ್ಲರ ಪರವಾಗಿ ಆಡುವ ಹಕ್ಕು ಬೇರೆ.

ಗಡಿಯಾಚೆಯ ಕನ್ನಡ ಸಂಘಟನೆಗಳಿಗೂ ಈ ವಿವೇಚನೆ ಅಗತ್ಯ. ಸಂಖ್ಯೆ ಚಿಕ್ಕದಾದಷ್ಟೂ ಪದಾಧಿಕಾರಿಯ ಒಂದು ಹೇಳಿಕೆಯೇ ಸಮುದಾಯದ ನಿಲುವಾಗಿ ಕಡತ ಸೇರುವ ಸಂಭವ ಹೆಚ್ಚು. ಆಮೇಲೆ ಭಿನ್ನಮತದವರು ವಾದಿಸುವುದಕ್ಕೆ ಮುಂಚೆ ತಾವೂ ಇದ್ದೇವೆಂಬುದನ್ನೇ ಸಾಬೀತುಪಡಿಸಬೇಕಾಗುತ್ತದೆ. ಸಭೆ ಒಪ್ಪದ ಮಾತನ್ನು ಆಡಲೇಬೇಕಾದವನು ಪದವಿಯನ್ನು ಕೆಳಗಿಟ್ಟು ಆಡಬಹುದು ಎಂಬುದನ್ನು, ತಡವಾಗಿಯಾದರೂ, ತೊರಪಳ್ಳಿಯ ಈ ರಾಜಕಾರಣಿ ತೋರಿಸಿಕೊಟ್ಟರು.