ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್: ಎಂಜಿನ್ ಬಿಸಿಯಾಗುವುದು ಏಕೆ?

ಪೆಟ್ರೋಲ್ ಕಾರಿಗೆ ಎಲ್‌ಪಿಜಿ ಕಿಟ್ ಹಾಕಿಸಲು ಹೊರಟವರಿಗೆ ಮೊದಲು ಕೇಳಿಬರುವ ಮಾತು "ಎಂಜಿನ್ ಹೀಟ್ ಆಗ್ತದೆ, ಬೇಡ" ಎಂಬುದು. ಬಯಲುಸೀಮೆಯಲ್ಲಿ ಓಡಾಡುವವರು ಇದನ್ನು ಕೇಳಿ ಸುಮ್ಮನಿರಬಹುದು. ಆದರೆ ದಿಂಬಂ ಘಾಟಿಯ 27 ತಿರುವು ಹತ್ತಿ ತಾಳವಾಡಿ ಸೇರಬೇಕಾದವರಿಗೆ, ಮಸಿನಗುಡಿಯಿಂದ ಕಲ್ಹಟ್ಟಿ ದಾರಿಯಲ್ಲಿ ಊಟಿಗೆ ಏರುವವರಿಗೆ, ವಯನಾಡಿನ ತಾಮರಶ್ಶೇರಿ ಚುರದಲ್ಲಿ ಲಾರಿಗಳ ಹಿಂದೆ ತೆವಳುವವರಿಗೆ ಇದು ಹಗುರವಾದ ಮಾತಲ್ಲ. ಘಾಟಿಯ ನಡುವೆ ನೀರು ಕುದಿದು ಹೆಡ್ ಗ್ಯಾಸ್ಕೆಟ್ ಹೋದರೆ, ಗ್ಯಾಸಿನಲ್ಲಿ ಉಳಿಸಿದ ದುಡ್ಡೆಲ್ಲ ಗ್ಯಾರೇಜಿನ ಪಾಲಾಗುತ್ತದೆ.

ನಮ್ಮ ದೇಶದಲ್ಲಿ ವಾಹನಗಳಿಗೆ ಎಲ್‌ಪಿಜಿ ಬಳಸಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2000ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ. ಬಳಕೆಯ ನಿಯಮಗಳನ್ನು ಹೇಳುವ ಕೇಂದ್ರದ ಆದೇಶ 2001ರಲ್ಲಿ ಬಂತು. ಮಾರುತಿ ಕಂಪನಿ 2003ರಲ್ಲಿ ಓಮ್ನಿಯನ್ನೂ 2006ರಲ್ಲಿ ವ್ಯಾಗನ್-ಆರ್ ಡ್ಯುವೋವನ್ನೂ ಕಾರ್ಖಾನೆಯಲ್ಲೇ ಗ್ಯಾಸ್ ಅಳವಡಿಸಿ ಮಾರಿತು. ಉಳಿದ ಹಳೆಯ 800, ಓಮ್ನಿ, ಅಂಬಾಸಿಡರ್‌ಗಳಿಗೆ ಹೊರಗಿನಿಂದ ಕಿಟ್ ಹಾಕಿಸುವುದೇ ದಾರಿ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟು ಓಡಿಸುವುದು ಆಗಲೂ ಅಪರಾಧ, ಈಗಲೂ ಅಪರಾಧ.

ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಅನಿಲಗಳ ಮಿಶ್ರಣ. ಟ್ಯಾಂಕಿನಲ್ಲಿ ಒತ್ತಡದಿಂದಾಗಿ ದ್ರವವಾಗಿರುತ್ತದೆ. ಎಂಜಿನ್‌ಗೆ ಹೋಗುವ ಮೊದಲು ಅದು ಮತ್ತೆ ಅನಿಲವಾಗಬೇಕು. ಈ ಕೆಲಸ ಮಾಡುವುದು ವೇಪೊರೈಸರ್. ನಮ್ಮ ಮೆಕ್ಯಾನಿಕ್‌ಗಳು ಇದನ್ನೇ ರೆಡ್ಯೂಸರ್ ಎನ್ನುವುದೂ ಉಂಟು. ದ್ರವ ಆವಿಯಾಗಲು ಶಾಖ ಬೇಕಷ್ಟೆ? ಅದಕ್ಕಾಗಿ ಎಂಜಿನ್ನಿನ ಬಿಸಿನೀರಿನ ಪೈಪಿನಿಂದ ಒಂದು ಕವಲು ತೆಗೆದು ಇದರೊಳಗೆ ಹಾಯಿಸುತ್ತಾರೆ. ಹೀಗೆ ನೋಡಿದರೆ ಗ್ಯಾಸ್ ಕಿಟ್ ಎಂಜಿನ್ ನೀರಿನಿಂದ ಒಂದಿಷ್ಟು ಬಿಸಿಯನ್ನು ಎಳೆದುಕೊಳ್ಳುತ್ತದೆಯೇ ಹೊರತು ಸೇರಿಸುವುದಿಲ್ಲ.

ಹಾಗಿದ್ದರೆ ದೂರು ಬರುವುದೇಕೆ? ಒಂದು ಕಾರಣ ಮಿಶ್ರಣದಲ್ಲಿದೆ. ಏರು ಹತ್ತುವಾಗ ಕಾರ್ಬ್ಯುರೇಟರ್ ತುಸು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಆ ಹೆಚ್ಚಿನ ಪೆಟ್ರೋಲ್ ಒಳಗೆ ಆವಿಯಾಗುತ್ತಾ ಸಿಲಿಂಡರಿಗೆ ತಂಪು ಕೊಡುತ್ತದೆ. ಗ್ಯಾಸ್ ಈಗಾಗಲೇ ಆವಿಯಾಗಿಯೇ ಬರುವುದರಿಂದ ಆ ತಂಪು ಸಿಗದು. ಅದರ ಮೇಲೆ ಮೈಲೇಜ್ ಆಸೆಗೆ ಗ್ಯಾಸ್ ಸ್ಕ್ರೂ ಬಿಗಿಮಾಡಿಸಿದರೆ ಮಿಶ್ರಣ ತೆಳುವಾಗಿ, ನಿಧಾನ ಉರಿದು, ಎಕ್ಸಾಸ್ಟ್ ವಾಲ್ವ್ ಕಾದು ಕೆಂಪಾಗುತ್ತದೆ. ಕಿಟ್ ಹಾಕಿಸಿದವರ ಅತಿ ಸಾಮಾನ್ಯ ತಪ್ಪು ಇದೇ. ಒಂದು ಲೀಟರ್ ಗ್ಯಾಸಿನಲ್ಲಿ ಪೆಟ್ರೋಲಿಗಿಂತ ಸುಮಾರು ಕಾಲುಪಾಲು ಶಕ್ತಿ ಕಡಿಮೆ. ಆದ್ದರಿಂದ ಲೀಟರಿಗೆ ಪೆಟ್ರೋಲಿನಷ್ಟೇ ಕಿಲೋಮೀಟರ್ ಬರಬೇಕೆಂದು ಹಟ ಹಿಡಿಯುವುದು ಎಂಜಿನ್‌ಗೆ ಕೇಡು.

ಇನ್ನೊಂದು ಟೈಮಿಂಗ್. ಗ್ಯಾಸಿನ ಆಕ್ಟೇನ್ ಸಂಖ್ಯೆ 100 ದಾಟುತ್ತದೆ, ಹಾಗಾಗಿ ಅದು ನಾಕಿಂಗ್ ಇಲ್ಲದೆ ಬೇಗನೆ ಕಿಡಿ ತಡೆದುಕೊಳ್ಳಬಲ್ಲದು. ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಟೈಮಿಂಗ್ ಹಿಂದುಳಿದಿದ್ದರೆ ಉರಿ ಮುಗಿಯುವುದು ತಡವಾಗಿ, ಬಿಸಿ ಸೈಲೆನ್ಸರ್ ಕಡೆಗೇ ಹೋಗುತ್ತದೆ. ಮಿಕ್ಸರ್ ಕಿಟ್‌ನಲ್ಲಿ ಎಳೆತವೂ ಸ್ವಲ್ಪ ಕಡಿಮೆ. ಚಾಲಕ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತುತ್ತಾನೆ, ಗಾಡಿಯ ವೇಗ ಕಡಿಮೆ, ಎಂಜಿನ್ ಸುತ್ತು ಹೆಚ್ಚು, ರೇಡಿಯೇಟರಿಗೆ ಗಾಳಿ ಸಾಲದು. ಓಮ್ನಿಯಲ್ಲಂತೂ 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ, ಕೂತವರಿಗೆ ಬಿಸಿ ತಟ್ಟಿದಾಗಲೆಲ್ಲ ಗ್ಯಾಸಿನ ಮೇಲೆ ಅನುಮಾನ!

ಆದರೆ ಬಹಳಷ್ಟು ಸಲ ದೋಷವಿರುವುದು ನೀರಿನ ವ್ಯವಸ್ಥೆಯಲ್ಲಿ. ವೇಪೊರೈಸರಿಗೆ ಪೈಪ್ ಜೋಡಿಸುವಾಗ ನೀರು ಚೆಲ್ಲುತ್ತದೆ. ಮತ್ತೆ ತುಂಬಿಸಿದಾಗ ಒಳಗೆ ಗಾಳಿ ಉಳಿದರೆ ನೀರು ಸರಿಯಾಗಿ ತಿರುಗುವುದಿಲ್ಲ. ಇದಕ್ಕೊಂದು ಗುರುತು ಇದೆ: ಎಂಜಿನ್ ಕಾಯುತ್ತಿರುವಾಗಲೇ ವೇಪೊರೈಸರ್ ಮೇಲೆ ಮಂಜು ಕಟ್ಟುತ್ತದೆ. ಒಂದು ಕಡೆ ಕುದಿ, ಇನ್ನೊಂದು ಕಡೆ ಹಿಮ. ವಿಚಿತ್ರವೆನಿಸಿದರೂ ಎರಡಕ್ಕೂ ಕಾರಣ ಒಂದೇ, ನೀರು ಕಡಿಮೆಯಾಗಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ. ಥರ್ಮೋಸ್ಟಾಟನ್ನು ಕಿತ್ತೆಸೆಯುವ ಅಭ್ಯಾಸವೂ ಗ್ಯಾಸ್ ಗಾಡಿಗೆ ಹೊಂದದು. ಆಗ ಬೆಳಗಿನ ಚಳಿಯಲ್ಲಿ ನೀರು ಬೇಗ ಕಾಯದೆ ಗ್ಯಾಸ್ ಪೂರ್ತಿ ಆವಿಯಾಗುವುದಿಲ್ಲ.

ಬೆಟ್ಟದ ಮೇಲಿನವರು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, 92-93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಎಂಜಿನ್ ನೀರೂ ಅಷ್ಟು ಬೇಗ ಕುದಿಯಲು ಶುರು. ಎಂಜಿನ್ ಕೆಲಸ ಮಾಡುವ ಉಷ್ಣತೆಯೇ ಸರಿಸುಮಾರು ಅಷ್ಟಿರುತ್ತದೆ. ಅಲ್ಪ ಬೆಲೆಯ ಮುಚ್ಚಳ ಬದಲಿಸಿ, ಬರೀ ಬಾವಿನೀರಿನ ಬದಲು ಕೂಲಂಟ್ ಹಾಕಿದರೆ ಎಷ್ಟೋ ಗಾಡಿಗಳ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ದೋಷ ಎಲ್ಲಿದೆಯೆಂದು ತಿಳಿಯಲು ಸುಲಭ ಪರೀಕ್ಷೆಯೆಂದರೆ ಅದೇ ಏರನ್ನು ಅಷ್ಟೇ ಭಾರದಲ್ಲಿ ಒಮ್ಮೆ ಪೆಟ್ರೋಲಿನಲ್ಲಿ, ಒಮ್ಮೆ ಗ್ಯಾಸಿನಲ್ಲಿ ಹತ್ತಿಸುವುದು. ಎರಡರಲ್ಲೂ ಮುಳ್ಳು ಮೇಲೇರಿದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ನೋಡಿಸಬೇಕು. ಗ್ಯಾಸಿನಲ್ಲಿ ಮಾತ್ರ ಏರಿದರೆ ಮಿಶ್ರಣ, ಟೈಮಿಂಗ್, ಪ್ಲಗ್. ಗ್ಯಾಸಿಗೆ ಬಲವಾದ ಕಿಡಿ ಬೇಕು. ಪ್ಲಗ್ ಗ್ಯಾಪ್ ತುಸು ಕಿರಿದಾಗಿಸಿ, ಹಳೆಯ ವೈರ್ ಬದಲಿಸುವುದು ಒಳ್ಳೆಯದು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು.

ಮುಳ್ಳು ಏರದಿದ್ದರೂ ಒಳಗೆ ಸವೆತ ಆಗಬಹುದು. ಗ್ಯಾಸ್ ಒಣ ಇಂಧನ. ಮೆದು ಲೋಹದ ವಾಲ್ವ್ ಸೀಟ್ ಇರುವ ಹಳೆಯ ಎಂಜಿನ್‌ಗಳಲ್ಲಿ ಸೀಟ್ ಸವೆದು ಟ್ಯಾಪೆಟ್ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ಇಂಥ ಗಾಡಿಯಲ್ಲಿ ಟ್ಯಾಪೆಟ್ ಆಗಾಗ ಅಳೆಸುವುದು, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಗ್ಯಾಸಿಗೆ ಬದಲಿಸುವುದು ಅಗತ್ಯ. ಇಂಜೆಕ್ಷನ್ ಕಾರಿನವರು ಪೆಟ್ರೋಲ್ ಟ್ಯಾಂಕ್ ಬರಿದು ಮಾಡಬಾರದು, ಒಳಗಿನ ಪಂಪ್ ತಂಪಾಗಿರುವುದೇ ಪೆಟ್ರೋಲಿನಿಂದ.

ಕಿಟ್ ಆಯಾ ಮಾದರಿಗೆ ಅನುಮೋದನೆ ಪಡೆದದ್ದೇ ಆಗಿರಬೇಕು, ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು. ಬಿಎಸ್-6 ಪೆಟ್ರೋಲ್ ಗಾಡಿಗಳಿಗೂ ಕಿಟ್ ಅಳವಡಿಸಲು 2022ರಲ್ಲಿ ಕೇಂದ್ರ ಅವಕಾಶ ನೀಡಿತು. ಹಾಕಿಸಿದ ಮೇಲೆ ಆರ್‌ಟಿಒದಲ್ಲಿ ಆರ್‌ಸಿಗೆ ಇಂಧನ ಬದಲಾವಣೆ ದಾಖಲಿಸಿ, ವಿಮಾ ಕಂಪನಿಗೂ ತಿಳಿಸಬೇಕು; ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರಕ್ಕೆ ತೊಡಕು. ಟ್ಯಾಂಕನ್ನು ಶೇ. 80ಕ್ಕಿಂತ ಹೆಚ್ಚು ತುಂಬಿಸುವಂತಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಟ್ಯಾಂಕಿನ ವಾಲ್ವ್ ಮುಚ್ಚಿ, ಗಾಡಿಯನ್ನು ಬಯಲಿಗೆ ತಳ್ಳಬೇಕು, ಸ್ಟಾರ್ಟ್ ಮಾಡಬಾರದು.