ಬೆಳಕು ವಸ್ತುವಿಗೆ ತಾಗಿದಾಗ: ನ್ಯೂಟನ್‌ನಿಂದ ರಾಮನ್‌ವರೆಗೆ

ಶಾಲೆಯ ಭೌತವಿಜ್ಞಾನದಲ್ಲಿ ಬೆಳಕಿನ ಪಾಠ ಹಂಚಿಹೋಗಿದೆ. ವಕ್ರೀಭವನ, ಚದುರುವಿಕೆ ಹತ್ತನೇ ತರಗತಿಗೆ. ದ್ಯುತಿವಿದ್ಯುತ್ ಪರಿಣಾಮ ದ್ವಿತೀಯ ಪಿಯುಸಿಗೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂದೇ ಅನೇಕ ಮಕ್ಕಳು ಓದಿ ಮುಗಿಸುತ್ತಾರೆ. ಚರಿತ್ರೆ ನೋಡಿದರೆ ಎಲ್ಲದರ ಹಿಂದಿರುವುದು ಒಂದೇ ಪ್ರಶ್ನೆ: ವಸ್ತುವಿಗೆ ತಾಗಿದ ಬೆಳಕು ಹೊರಬರುವಾಗ ಹೇಗಿರುತ್ತದೆ?

ಮೊದಲ ಗಟ್ಟಿ ಉತ್ತರ ನ್ಯೂಟನ್‌ನದು. ಪಟ್ಟಕದಿಂದ ಬೇರ್ಪಟ್ಟ ಒಂದು ಬಣ್ಣವನ್ನು ಎರಡನೇ ಪಟ್ಟಕದಲ್ಲಿ ಹಾಯಿಸಿದಾಗ ಅದು ಬದಲಾಗಲಿಲ್ಲ. ಬಣ್ಣವನ್ನು ಗಾಜು ಹುಟ್ಟಿಸುವುದಿಲ್ಲ, ಬಿಳಿ ಬೆಳಕಿನಲ್ಲೇ ಅದು ಅಡಗಿದೆ ಎಂಬುದು ಹೀಗೆ ಖಚಿತವಾಯಿತು. 1814ರಲ್ಲಿ ಫ್ರಾನ್‌ಹೋಫರ್ ಸೂರ್ಯನ ರೋಹಿತದಲ್ಲಿ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿದ. ಅವುಗಳ ಅರ್ಥ ತಿಳಿದದ್ದು 1859ರ ಹೊತ್ತಿಗೆ. ಅನಿಲವೊಂದು ಕಾದಾಗ ಯಾವ ಬಣ್ಣ ಸೂಸುತ್ತದೋ, ತನ್ನ ಮೂಲಕ ಹಾಯುವ ಬೆಳಕಿನಿಂದ ಅದೇ ಬಣ್ಣವನ್ನು ಹೀರುತ್ತದೆ ಎಂದು ಕಿರ್ಖಾಫ್ ತೋರಿಸಿದ. ಅಲ್ಲಿಂದ ಮುಂದೆ ರೋಹಿತ ನೋಡಿಯೇ ಧಾತು ಹೇಳುವುದು ಸಾಧ್ಯವಾಯಿತು. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಸುಳಿವು ಕೊಟ್ಟ ಹೀಲಿಯಂ, ಭೂಮಿಯ ಮೇಲೆ ರ‍್ಯಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ.

ಚದುರುವಿಕೆಯ ಲೆಕ್ಕ ಕೊಟ್ಟವನು ರ‍್ಯಾಲೆ. ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದಾದ ಕಣಗಳಿಂದಾಗುವ ಚದುರುವಿಕೆ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವೆಂದು 1871ರಲ್ಲಿ ಆತ ತೋರಿಸಿದ. 700 ನ್ಯಾನೊಮೀಟರಿನ ಕೆಂಪಿಗಿಂತ 400 ನ್ಯಾನೊಮೀಟರಿನ ನೇರಳೆ ಒಂಬತ್ತು ಪಟ್ಟಿಗೂ ಹೆಚ್ಚು ಚದುರುತ್ತದೆ. ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಬೆರೆಸಿ, ಕತ್ತಲ ಕೋಣೆಯಲ್ಲಿ ಟಾರ್ಚ್ ಬಿಟ್ಟು ನೋಡಿ: ಪಕ್ಕದಿಂದ ನಸುನೀಲಿ, ಟಾರ್ಚಿನ ಎದುರಿನಿಂದ ಕೆಂಪು ಬೆರೆತ ಹಳದಿ. ಹಗಲಿನ ಬಾನು, ಸಂಜೆಯ ಸೂರ್ಯ ಎರಡಕ್ಕೂ ಕಾರಣ ಇದೇ.

ಅಲ್ಲಿಯವರೆಗೆ ಬೆಳಕು ಅಲೆಯೆಂದರೆ ಸಾಕಾಗಿತ್ತು. 1887ರಲ್ಲಿ ಹರ್ಟ್ಸ್ ಕಂಡ ದ್ಯುತಿವಿದ್ಯುತ್ ಪರಿಣಾಮ ಆ ನೆಮ್ಮದಿ ಕೆಡಿಸಿತು. ಸತುವಿನ ಮೇಲೆ ಕೆಂಪು ಬೆಳಕನ್ನು ಎಷ್ಟೇ ಪ್ರಖರವಾಗಿ ಬಿಟ್ಟರೂ ಎಲೆಕ್ಟ್ರಾನ್ ಹೊರಬರದು. ಮಂದವಾದ ಅತಿನೇರಳೆ ಸಾಕು. ಬೆಳಕು ಶಕ್ತಿಯ ಗಂಟುಗಳಾಗಿ ಬರುತ್ತದೆ, ಗಂಟಿನ ಗಾತ್ರ ನಿರ್ಧರಿಸುವುದು ಆವೃತ್ತಿ ಎಂದು 1905ರಲ್ಲಿ ಐನ್‌ಸ್ಟೈನ್ ವಿವರಿಸಿದರು.

ಹಾಗಿದ್ದರೆ ಚದುರುವಾಗ ಆ ಗಂಟಿನಿಂದ ಸ್ವಲ್ಪ ಕಳೆದುಹೋಗಬಹುದೇ? ಎಕ್ಸ್‌-ಕಿರಣಗಳಲ್ಲಿ ಹೌದೆಂದು 1923ರಲ್ಲಿ ಕಾಂಪ್ಟನ್ ತೋರಿಸಿದರು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದನ್ನು ಕಂಡವರು ಕಲ್ಕತ್ತದಲ್ಲಿದ್ದ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್, 1928ರ ಫೆಬ್ರುವರಿಯಲ್ಲಿ. ಪಾದರಸ ದೀಪದ 435.8 ನ್ಯಾನೊಮೀಟರಿನ ನೀಲಿ ಬೆಳಕು ಬೆಂಜೀನ್‌ಗೆ ತಾಗಿದರೆ, ಚದುರಿದ ಬೆಳಕಿನಲ್ಲಿ ಸುಮಾರು 455 ನ್ಯಾನೊಮೀಟರಿನಲ್ಲಿ ಬಲು ಮಸುಕಾದ ಹೊಸ ಗೆರೆಯೊಂದು ಕಾಣುತ್ತದೆ. ನಡುವೆ ಕಳೆದ ಶಕ್ತಿ ಅಣುವಿನ ಕಂಪನಕ್ಕೆ ಸೇರಿದೆ. ಇದೇ ರಾಮನ್ ಪರಿಣಾಮ. ಒಂದೊಂದು ಅಣುವಿಗೂ ಈ ವ್ಯತ್ಯಾಸ ಬೇರೆ. ಆದ್ದರಿಂದಲೇ ಇದು ವಸ್ತುವಿನ ಗುರುತಿನ ಚೀಟಿ. ಇದನ್ನು ರಾಮನ್ ಉಪನ್ಯಾಸದಲ್ಲಿ ವಿವರವಾಗಿ ಮಂಡಿಸಿದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. 1960ರಲ್ಲಿ ಲೇಸರ್ ಬಂದ ಮೇಲೆ ವಿಧಾನ ಇನ್ನಷ್ಟು ಹರಡಿತು. ಇಂದು ಔಷಧ, ರತ್ನಗಳ ಪರೀಕ್ಷೆಗೂ ಬಳಕೆಯಲ್ಲಿದೆ.

ಈ ಶೋಧದ ನೆನಪಿಗೆ ಆಚರಿಸುವ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಭಾಷಣ ಸ್ಪರ್ಧೆಗೆ ಮೊದಲು ಶಿಕ್ಷಕರು ಆ ಹಾಲು ಬೆರೆತ ನೀರಿನ ಪ್ರಯೋಗ ಮಾಡಿಸಲಿ, ಚದುರಿದ ಬೆಳಕಿನ ಬಗ್ಗೆ ಮಕ್ಕಳೇ ಪ್ರಶ್ನೆ ಎತ್ತುವಂತೆ ಮಾಡಲಿ. ರಾಮನ್ ಪರಿಣಾಮದ ವ್ಯಾಖ್ಯೆ ಬಾಯಿಪಾಠ ಮಾಡಿಸುವುದಕ್ಕಿಂತ ಅದು ಮೇಲು.